ಕಸಿ ಮಾಡಿದ ವೇದ

1

ಗೋಣಿಬೀಡಿನ ಸುತ್ತಮುತ್ತ ಕಾಫಿ ತೋಟಗಳ ಲೈನ್ ಮನೆಗಳನ್ನು ಕಂಡವರಿಗೆ ಇದು ಗೊತ್ತಿರುತ್ತದೆ. ಕ್ರೈಸ್ತರ ಮನೆಯಾದರೆ ಗೋಡೆಯ ಮೇಲೆ ವಾಗ್ದಾನದ ಕ್ಯಾಲೆಂಡರು ಇದ್ದೇ ಇರುತ್ತದೆ. ಹಾಳೆಗೊಂದು ವಾಕ್ಯ, ವಾಕ್ಯದ ಹಿಂದೆ ಹಿಮದ ಬೆಟ್ಟ, ಇಲ್ಲವೇ ನಮ್ಮ ಕಡೆ ಯಾರೂ ಕಂಡಿರದ ಹೂವು.

ನಾನು ಅಂಥದೊಂದು ಲೈನಿನಲ್ಲಿ ಬೆಳೆದವನು. ಅವ್ವನಿಗೆ ಓದು ಬರುತ್ತಿರಲಿಲ್ಲ. ಸಂಜೆ ಹಣ್ಣಿನ ಚೀಲ ತೂಕಕ್ಕೆ ಹಾಕಿ ಬಂದು, ಒಲೆ ಹೊತ್ತಿಸಿ, 'ಇವತ್ತೇನು ಬಂದೈತೆ ಓದು ಮಗ' ಅನ್ನುತ್ತಿದ್ದಳು. ಒಂದು ವಾರದ ಬಟವಾಡೆಯ ದಿನ ರೈಟರು ಅವಳ ಅರ್ಧ ಹಾಜರಿ ಹೊಡೆದಿದ್ದ. ಮಳೆ ಬಂದಾಗ ಮರದ ಬುಡದಲ್ಲಿ ನಿಂತಿದ್ದೇ ಕಾರಣ. ಅವತ್ತಿನ ಹಾಳೆಯಲ್ಲಿ ಮತ್ತಾಯನ ಸುವಾರ್ತೆಯ ಮಾತಿತ್ತು. ನಾಳೆಯ ಚಿಂತೆ ಬೇಡ, ಅಡವಿಯ ಹೂವನ್ನು ನೋಡಿ ಕಲಿಯಿರಿ ಅನ್ನುವ ಮಾತು. ಅವ್ವ ಪೂರಾ ಕೇಳಿಸಿಕೊಂಡಳು. 'ಚೆನ್ನಾಗೈತೆ. ಅರ್ಧ ಹಾಜರಿ ಹೊಡೆದಿದ್ದಕ್ಕೆ ಏನಾದ್ರೂ ಬಂದೈತಾ ನೋಡು' ಅಂದಳು.

ನಾನು ಹಿಂದಿನ ಹಾಳೆ, ಮುಂದಿನ ಹಾಳೆ ಎಲ್ಲ ತಿರುವಿದೆ. ಕ್ಯಾಲೆಂಡರಿನಲ್ಲಿ ಇರಲಿಲ್ಲ. ಬೈಬಲ್ಲಿನಲ್ಲಿ ಇತ್ತು. ಅದು ನನಗೆ ಗೊತ್ತಾಗೋದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಇದ್ದದ್ದು ನಮ್ಮ ಗೋಡೆಗೆ ಯಾಕೆ ಬರಲಿಲ್ಲ ಅನ್ನೋದೇ ಈ ಬರಹದ ಪ್ರಶ್ನೆ.

2

ಕ್ಯಾಲೆಂಡರಿನ ಅಣ್ಣನಂತೆ ಇನ್ನೊಂದಿದೆ. ಅನುದಿನದ ಧ್ಯಾನದ ಪುಸ್ತಕ. ಅದಕ್ಕೆ ಒಂದು ಅಚ್ಚು ಇದೆ. ಮೊದಲು ವಾಕ್ಯ. ಆಮೇಲೆ ಒಂದು ಸಣ್ಣ ಕತೆ: ಹಡಗು ಮುಳುಗಿದ್ದು, ವ್ಯಾಪಾರಿ ದಿವಾಳಿಯಾದದ್ದು, ಡಾಕ್ಟರು ಕೈಬಿಟ್ಟ ರೋಗಿ ಎದ್ದು ಕೂತದ್ದು. ಆಮೇಲೆ 'ನಮ್ಮ ಜೀವನಕ್ಕೆ ಅನ್ವಯ'. ಕೊನೆಗೆ ಪ್ರಾರ್ಥನೆ. ಭಾನುವಾರದ ಪ್ರಸಂಗಗಳೂ ಬಹುತೇಕ ಇದೇ ಅಚ್ಚಿನಲ್ಲಿ ಎರಕ ಹೊಯ್ದವು.

ಈ ಅನ್ವಯ ಅನ್ನೋ ಭಾಗವನ್ನು ಗಮನವಿಟ್ಟು ನೋಡಬೇಕು. ಅದು ಯಾವಾಗಲೂ ಎದೆಯೊಳಗೆ ಮುಗಿಯುತ್ತದೆ. ತಾಳ್ಮೆ ಕಲಿಯಿರಿ, ಕ್ಷಮಿಸಿರಿ, ಗೊಣಗಬೇಡಿರಿ, ಕುಡಿತ ಬಿಡಿರಿ. ಇವೆಲ್ಲ ಬೇಡದ ಮಾತು ಅಂತ ನಾನು ಹೇಳುತ್ತಿಲ್ಲ. ಗಂಡಸು ಕುಡಿತ ಬಿಟ್ಟರೆ ಲೈನಿನ ಹೆಂಗಸಿನ ಬೆನ್ನು ಎಷ್ಟು ಉಳಿಯುತ್ತದೆ ಅನ್ನೋದನ್ನು ಕಣ್ಣಾರೆ ಕಂಡವನು ನಾನು. ಆದರೆ ಅದೇ ಹೆಂಗಸಿನ ಹಾಜರಿ ಪುಸ್ತಕ, ಅಡ್ವಾನ್ಸಿನ ಲೆಕ್ಕ, ಸೋರುವ ಸೂರು ಇವು ಯಾವುವೂ ಅನ್ವಯದ ಒಳಗೆ ಬರುವುದಿಲ್ಲ. ಹೀಗಾಗಿ ವಾಕ್ಯ ಕೇಳಿದವನು ತನ್ನನ್ನು ತಿದ್ದಿಕೊಳ್ಳುತ್ತಾ ಹೋಗುತ್ತಾನೆ, ವ್ಯವಸ್ಥೆ ಇದ್ದಲ್ಲೇ ಇರುತ್ತದೆ.

ಯೇಸು ತಾನೇ ಮಾಡಿದ ಅನ್ವಯ ಹೇಗಿತ್ತು? ಲೂಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಅವನು ತಾನು ಬೆಳೆದ ನಜರೇತಿನ ಸಭಾಮಂದಿರಕ್ಕೆ ಹೋಗುತ್ತಾನೆ. ಯೆಶಾಯನ ಸುರುಳಿ ಬಿಚ್ಚಿ ಬಡವರಿಗೆ ಸಿಹಿಸುದ್ದಿ, ಸೆರೆಯವರಿಗೆ ಬಿಡುಗಡೆ ಅನ್ನುವ ಭಾಗ ಓದುತ್ತಾನೆ. ಇದು ಈ ಹೊತ್ತೇ ನಿಮ್ಮ ಮುಂದೆಯೇ ನಡೆದಿದೆ ಅನ್ನುತ್ತಾನೆ. ಮೊದಲು ಊರವರು ತಲೆದೂಗಿದರು. ದೇವರ ದಯೆ ನಿಮ್ಮ ಕುಲದ ಬೇಲಿ ದಾಟಿ ಹೊರಗಿನವರಿಗೂ ಹೋಗಿತ್ತು ಅಂತ ಅವನು ಹಳೆಯ ಕತೆ ತೆಗೆದು ತೋರಿಸಿದಾಗ ಅವನನ್ನು ಊರಾಚೆ ಎಳೆದೊಯ್ದು ಗುಡ್ಡದ ಅಂಚಿನಿಂದ ಕೆಳಕ್ಕೆ ನೂಕಲು ನೋಡಿದರು. ನಮ್ಮ ಗುಡ್ಡಗಳಲ್ಲಿ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕ್ರೈಸ್ತ ಪ್ರಸಂಗ ನಡೆದಿದೆ. ಪ್ರಸಂಗದ ಅನ್ವಯ ಕೇಳಿ ತೋಟದ ಸಾಹುಕಾರರು ಬೋಧಕರ ಮೇಲೆ ಸಿಟ್ಟಾದದ್ದನ್ನು ನಾನಂತೂ ಕಂಡಿಲ್ಲ.

3

ಕಾಫಿ ಸೀಮೆಯ ಹೊರಗಿನ ಓದುಗರಿಗೆ ಒಂದು ಮಾತು ಹೇಳಬೇಕು. ಬೇರೆ ಕಡೆ ಕಸಿ ಅಂದರೆ ಒಂದು ಗಿಡಕ್ಕೆ ಇನ್ನೊಂದರ ಕೊಂಬೆ ಕೂಡಿಸುವುದು. ನಮ್ಮಲ್ಲಿ ಕಸಿ ಅಂದರೆ ಬೇಡದ ರೆಂಬೆ ಕಡಿಯುವುದು. ನೆರಳಿನ ಮರದ ಕೊಂಬೆ ಇಳಿಸಿದರೆ ಮರಗಸಿ. ಯಾವ ರೆಂಬೆ ಇರಬೇಕು, ಯಾವುದು ಹೋಗಬೇಕು ಅನ್ನೋದನ್ನು ತೋಟದವನು ಮುಂದಿನ ಫಸಲು ನೋಡಿ ತೀರ್ಮಾನ ಮಾಡುತ್ತಾನೆ. ನಮ್ಮ ಬೈಬಲ್ಲಿಗೂ ಹೀಗೆ ಕಸಿ ಆಗಿದೆ.

ಗೋಡೆಯ ಮೇಲೆ ಬಂದ ಹೂವಿನ ಮಾತನ್ನೇ ತೆಗೆದುಕೊಳ್ಳಿ. ಅದು ಮತ್ತಾಯ 6ನೇ ಅಧ್ಯಾಯದಲ್ಲಿದೆ. ಅದಕ್ಕೆ ಮುಂಚಿನ 24ನೇ ವಚನದಲ್ಲೇ ಯೇಸು ದೇವರನ್ನೂ ದುಡ್ಡನ್ನೂ ಒಟ್ಟಿಗೆ ಸೇವಿಸಲಾಗದು ಅನ್ನುತ್ತಾನೆ, ಆ ಕಾರಣಕ್ಕೇ ಚಿಂತೆ ಬೇಡವೆನ್ನುತ್ತಾನೆ. ಕಾರಣ ಕಡಿದುಹೋಗಿ ಹೂವು ಮಾತ್ರ ಉಳಿಯಿತು. ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದ 5ನೇ ವಚನ ಆಳುಗಳು ಒಡೆಯರ ಮಾತು ಕೇಳಬೇಕು ಅನ್ನುತ್ತದೆ. ಇದನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. 9ನೇ ವಚನ ಒಡೆಯರಿಗೆ ತಿರುಗಿ, ಬೆದರಿಸುವುದನ್ನು ಬಿಡಿ, ನಿಮಗೂ ಮೇಲೊಬ್ಬ ಒಡೆಯನಿದ್ದಾನೆ, ಅವನು ಮುಖ ನೋಡುವವನಲ್ಲ ಅನ್ನುತ್ತದೆ. ಅದರ ಮೇಲೆ ಪ್ರಸಂಗ ಕೇಳಿದವರು ಕೈಯೆತ್ತಿ.

ಕ್ಯಾಲೆಂಡರಿನವರಿಗೆ ಬಹಳ ಪ್ರೀತಿಯ ಇನ್ನೊಂದು ವಾಕ್ಯ ಯೆರೆಮೀಯ 29:11. ನಿಮಗೆ ಒಳ್ಳೆಯ ಭವಿಷ್ಯ ಇಟ್ಟಿದ್ದೇನೆ ಎಂದು ದೇವರು ಹೇಳುವ ಮಾತು. ಅದು ಬಾಬೆಲಿಗೆ ಸೆರೆಹೋಗಿ ಪರದೇಶದಲ್ಲಿ ಬಿದ್ದಿದ್ದ ಜನಕ್ಕೆ ಬರೆದ ಕಾಗದ. ಅದೇ ಕಾಗದದ 5ನೇ ವಚನದಲ್ಲಿ ಮನೆ ಕಟ್ಟಿಕೊಂಡು ವಾಸಮಾಡಿ, ತೋಟ ಮಾಡಿ ಅದರ ಫಲ ಉಣ್ಣಿ ಎಂದಿದೆ. ಲೈನಿನವರು ತೋಟವನ್ನೇನೋ ಮಾಡಿದರು. ಮನೆಯೂ ಫಲವೂ ಯಾರದಾಯಿತು? 1951ರ ತೋಟ ಕಾರ್ಮಿಕರ ಕಾಯ್ದೆ ಕೆಲಸಗಾರರಿಗೆ ಮನೆ ಒದಗಿಸುವುದು ಮಾಲೀಕರ ಹೊಣೆ ಎಂದು ಮಾಡಿತು. ಒಳ್ಳೆಯದೇ. ಆದರೆ ಆ ಮನೆ ಕೆಲಸಕ್ಕೆ ಕಟ್ಟಿಕೊಂಡ ಮನೆ. ಅವ್ವ ಮೂವತ್ತು ವರ್ಷ ಹಣ್ಣು ಕುಯ್ದು, ಕಣದಲ್ಲಿ ಕಾಫಿ ಹರಡಿ, ಕೈಲಾಗದ ಮೇಲೆ ಮನೆ ಖಾಲಿ ಮಾಡಿದಳು. ಗೋಡೆಯ ಕ್ಯಾಲೆಂಡರನ್ನು ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡಳು. ಅವತ್ತೂ ಯಾರೋ ಬಂದು ಒಳ್ಳೆಯ ಭವಿಷ್ಯದ ವಾಕ್ಯವನ್ನೇ ಓದಿ ಪ್ರಾರ್ಥನೆ ಮಾಡಿ ಹೋದರು.

ಇದು ನಮ್ಮೊಬ್ಬರ ಕತೆಯಲ್ಲ. 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ಲು ಅಚ್ಚಾಯಿತು. ವೆಸ್ಟ್ ಇಂಡೀಸಿನ ಬ್ರಿಟಿಷ್ ದ್ವೀಪಗಳಲ್ಲಿದ್ದ ಕಪ್ಪು ಗುಲಾಮರಿಗೆಂದೇ ಆಯ್ದು ಮಾಡಿದ್ದು. ಹಳೆಯ ಒಡಂಬಡಿಕೆಯ ಬಹುಪಾಲು ಅದರಲ್ಲಿ ಇಲ್ಲ. ಇಸ್ರಾಯೇಲರು ಐಗುಪ್ತದ ಜೀತ ಕಳಚಿಕೊಂಡು ಹೊರಟ ಕತೆಯನ್ನೇ ತೆಗೆದುಹಾಕಿದ್ದರು. ಆಳು ಒಡೆಯನ ಮಾತು ಕೇಳಬೇಕೆಂಬ ವಚನ ಉಳಿದಿತ್ತು. ಅಮೆರಿಕದ ಕಪ್ಪು ಚಿಂತಕ ಹೋವರ್ಡ್ ಥರ್ಮನ್ 1949ರ ತನ್ನ ಪುಸ್ತಕದಲ್ಲಿ ಗುಲಾಮಳಾಗಿ ಹುಟ್ಟಿದ್ದ ತನ್ನ ಅಜ್ಜಿಯ ಬಗ್ಗೆ ಬರೆದಿದ್ದಾನೆ. ಅವಳಿಗೂ ಓದು ಬರುತ್ತಿರಲಿಲ್ಲ. ಮೊಮ್ಮಗನ ಕೈಲಿ ಬೈಬಲ್ಲು ಓದಿಸಿಕೊಳ್ಳುತ್ತಿದ್ದಳು. ಆದರೆ ಪೌಲನ ಪತ್ರಗಳನ್ನು, ಪ್ರೀತಿಯ ಮೇಲಿನ ಒಂದು ಅಧ್ಯಾಯ ಬಿಟ್ಟು, ಓದಿಸುತ್ತಿರಲಿಲ್ಲ. ಯಜಮಾನನ ಪಾದ್ರಿ ಬಂದಾಗಲೆಲ್ಲ ಪೌಲನನ್ನು ಹಿಡಿದುಕೊಂಡು ಗುಲಾಮರಿಗೆ ವಿಧೇಯತೆ ಬೋಧಿಸಿದ್ದನ್ನು ಕೇಳಿ ಕೇಳಿ ಅವಳು ಹಾಗೆ ತೀರ್ಮಾನ ಮಾಡಿದ್ದಳು. ಅವರು ಕಸಿ ಮಾಡಿದ್ದರು. ಮುದುಕಿಯೂ ತನ್ನ ಕೈಲಾದ ಕಸಿ ಮಾಡಿದಳು.

ಕಸಿ ಮಾಡುವುದೇ ತಪ್ಪು ಅಂತ ನಾನು ಹೇಳಲಾರೆ. ನಜರೇತಿನಲ್ಲಿ ಯೇಸು ಕೂಡ ಯೆಶಾಯನನ್ನು ಓದುತ್ತಾ ದೇವರ ಸೇಡಿನ ದಿನದ ಮಾತು ಬರುವಷ್ಟರಲ್ಲಿ ನಿಲ್ಲಿಸಿಬಿಟ್ಟ. ಓದುವ ಪ್ರತಿಯೊಬ್ಬನೂ ಆಯ್ದುಕೊಳ್ಳುತ್ತಾನೆ. ಕತ್ತಿ ಯಾರ ಕೈಲಿದೆ, ಫಸಲು ಯಾರ ಕಣಕ್ಕೆ ಹೋಗುತ್ತದೆ ಅನ್ನೋದನ್ನು ನಾವು ಕೇಳಬೇಕು.

4

ಈಗ ಒಂದು ಸಾಮತಿಯನ್ನು ಲೈನಿನ ಕಟ್ಟೆಯ ಮೇಲೆ ಕೂತು ಓದೋಣ. ಮತ್ತಾಯ 20ನೇ ಅಧ್ಯಾಯ. ಒಬ್ಬ ಯಜಮಾನ ಬೆಳಗ್ಗೆಯೇ ದ್ರಾಕ್ಷಿ ತೋಟಕ್ಕೆ ಆಳು ಹುಡುಕಿಕೊಂಡು ಹೊರಡುತ್ತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ ಅಂತ ಮಾತಾಗುತ್ತದೆ. ಹೊತ್ತೇರಿದ ಮೇಲೆ, ಮಧ್ಯಾಹ್ನ, ಇಳಿಹೊತ್ತು, ಮತ್ತೆ ಮತ್ತೆ ಹೋಗಿ ಆಳು ತರುತ್ತಾನೆ. ಕೆಲಸ ಬಿಡಲು ಒಂದು ತಾಸು ಇದ್ದಾಗಲೂ ಪೇಟೆ ಬೀದಿಯಲ್ಲಿ ಕೆಲವರು ನಿಂತಿರುತ್ತಾರೆ. ಯಾಕೆ ನಿಂತಿದ್ದೀರಿ ಅಂದರೆ ಯಾರೂ ನಮ್ಮನ್ನು ಕರೆಯಲಿಲ್ಲ ಅನ್ನುತ್ತಾರೆ. ಸಂಜೆ ಪಾರುಪತ್ಯಗಾರ, ಅಂದರೆ ನಮ್ಮ ರೈಟರು, ಕಡೆಗೆ ಬಂದವರಿಗೇ ಮೊದಲು ಕೂಲಿ ಕೊಡುತ್ತಾನೆ. ಎಲ್ಲರಿಗೂ ಒಂದೊಂದು ನಾಣ್ಯ. ಬೆಳಗಿನಿಂದ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ.

ಪ್ರಸಂಗದಲ್ಲಿ ಇದರ ಅನ್ವಯ ಗೊತ್ತೇ ಇದೆ. ಇನ್ನೊಬ್ಬನಿಗೆ ಸಿಕ್ಕಿದ ಆಶೀರ್ವಾದಕ್ಕೆ ಹೊಟ್ಟೆಕಿಚ್ಚು ಪಡಬೇಡ, ಗೊಣಗಬೇಡ. ಕೂಲಿಯ ಕತೆಯಲ್ಲಿ ಕೂಲಿ ಮಾಯವಾಗಿ ಗೊಣಗಾಟ ಉಳಿಯಿತು.

ಬೆಳಗಿನ ಏಳು ಗಂಟೆಗೆ ನಮ್ಮ ಯಾವುದಾದರೂ ಸರ್ಕಲ್ಲಿನಲ್ಲಿ ನಿಂತು ನೋಡಿ. ತೋಟಕ್ಕೆ ಆಳು ತುಂಬಿಕೊಂಡು ಹೋಗುವ ಜೀಪು ಬರುತ್ತದೆ. ಗಟ್ಟಿಮುಟ್ಟಾದವರು ಮೊದಲು ಹತ್ತುತ್ತಾರೆ. ಸೊಂಟ ಹಿಡಿದವಳು, ಮಗು ಎತ್ತಿಕೊಂಡವಳು, ಒಂದು ಸಲ ಕೂಲಿ ಕೇಳಿ ಜಗಳ ಮಾಡಿದವನು ನಿಂತೇ ಇರುತ್ತಾರೆ. ಯಾರೂ ಕರೆಯಲಿಲ್ಲ ಅನ್ನುವ ಮಾತು ಸೋಮಾರಿಯದಲ್ಲ ಅನ್ನೋದು ಅಲ್ಲಿ ನಿಂತವರಿಗೆ ಗೊತ್ತು. ಅವರ ಮನೆಯಲ್ಲೂ ಸಂಜೆ ಒಲೆ ಹೊತ್ತಬೇಕು. ಕತೆಯ ಬೆಳ್ಳಿ ನಾಣ್ಯ ಒಂದು ಸಂಸಾರದ ಒಂದು ದಿನದ ಅನ್ನ. ಅರ್ಧ ನಾಣ್ಯ ಕೊಟ್ಟರೆ ಅರ್ಧ ಹೊಟ್ಟೆ. ಕೂಲಿಯನ್ನು ಗಂಟೆಯಿಂದ ಅಳೆಯಬೇಕೋ ಹೊಟ್ಟೆಯಿಂದ ಅಳೆಯಬೇಕೋ ಅಂತ ಈ ಕತೆ ಕೇಳುತ್ತಿದೆ. ಅವ್ವನ ಅರ್ಧ ಹಾಜರಿಗೆ ಉತ್ತರ ಇಲ್ಲಿತ್ತು. ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲೂ ಇತ್ತು: ಬಡ ಕೂಲಿಯವನು ಸ್ವದೇಶದವನಾಗಲಿ ಪರದೇಶದವನಾಗಲಿ, ಹೊತ್ತು ಮುಳುಗುವ ಮುಂಚೆ ಅವನ ಕೂಲಿ ಕೈಗೆ ಸೇರಬೇಕು. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲೂ ಇತ್ತು. ಹೊಲ ಕುಯ್ದವರಿಂದ ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆ, ಕೊಯ್ಲಿನವರ ಕೂಗು ದೇವರ ಕಿವಿಗೆ ಬಿದ್ದಿದೆ ಅನ್ನುತ್ತಾನೆ ಯಾಕೋಬ. ಈ ವಚನಗಳಿಗೆ ಹಿಮದ ಬೆಟ್ಟದ ಚಿತ್ರ ಹೊಂದುವುದಿಲ್ಲ.

ವಿಲಿಯಂ ಹೆರ್ಜೋಗ್ ಎಂಬ ಅಮೆರಿಕದ ವಿದ್ವಾಂಸ 1994ರಲ್ಲಿ ಇನ್ನೂ ಖಾರವಾದ ಓದನ್ನು ಮುಂದಿಟ್ಟ. ಈ ಯಜಮಾನ ದೇವರಲ್ಲ, ಆ ಕಾಲದ ದೊಡ್ಡ ಜಮೀನ್ದಾರ, ಆಳುಗಳ ಒಗ್ಗಟ್ಟು ಮುರಿಯುವ ಚಾಲಾಕಿ ಅನ್ನೋದು ಅವನ ವಾದ. ನನ್ನದನ್ನು ನನಗೆ ಬೇಕಾದಂತೆ ಮಾಡುವ ಹಕ್ಕು ನನಗಿಲ್ಲವೇ ಎಂದು ಕತೆಯ ಯಜಮಾನ ಕೇಳುವಾಗ, ಆ ದನಿ ನಮಗೆ ಗುರುತಿನದೇ. ಯಾಜಕಕಾಂಡದ 25ನೇ ಅಧ್ಯಾಯದ ಪ್ರಕಾರವಂತೂ ಭೂಮಿ ದೇವರದು, ಮನುಷ್ಯರೆಲ್ಲ ಅದರಲ್ಲಿ ಬಿಡಾರ ಹೂಡಿದವರು. ಆದರೂ ಹೆರ್ಜೋಗನ ಓದನ್ನು ನಾನು ಪೂರ್ತಿ ಒಪ್ಪಲಾರೆ. ಕಡೆಗೆ ಬಂದವನ ಕೈಲಿ ಬಿದ್ದ ಪೂರ್ತಿ ಕೂಲಿಯನ್ನು ಅದು ಬರೀ ಆಟ ಮಾಡಿಬಿಡುತ್ತದೆ. ಹಸಿದವನಿಗೆ ಅದು ಆಟವಲ್ಲ.

ಹಾಗೆಂದು ಈ ಕತೆ ಮಾಲೀಕರನ್ನಷ್ಟೇ ಚುಚ್ಚುವುದಿಲ್ಲ. ಇವತ್ತು ನಮ್ಮ ತೋಟಗಳಿಗೆ ಅಸ್ಸಾಮು, ಬಂಗಾಳ, ಜಾರ್ಖಂಡಿನಿಂದ ಜನ ಬಂದು ದುಡಿಯುತ್ತಿದ್ದಾರೆ. ಕಡೆಗೆ ಬಂದವರು ಅವರೇ. ಅವರು ಬಂದು ನಮ್ಮ ಕೂಲಿ ಇಳಿಸಿದರು ಅಂತ ಗೊಣಗುವವರು ನಾವು, ಮೊದಲು ಬಂದ ದಲಿತರು. ಸಾಮತಿಯ ಆಳುಗಳು ಎಲ್ಲರ ಕೂಲಿ ಏರಲಿ ಅಂತ ಕೇಳಲಿಲ್ಲ. ಇವರನ್ನು ನಮಗೆ ಸಮ ಮಾಡಿಬಿಟ್ಟೆಯಲ್ಲ ಅಂದರು. ಆ ಸಂಕಟ ನನ್ನ ಬಾಯಲ್ಲೂ ಬಂದದ್ದುಂಟು, ಒಪ್ಪಿಕೊಳ್ಳುತ್ತೇನೆ. ಕೆಳಗೊಬ್ಬ ಇರಲಿ ಅನ್ನುವ ಈ ಆಸೆಯನ್ನೇ ಅಲ್ಲವೇ ನಾವು ಜಾತಿ ಅಂತ ಕರೆಯೋದು?

5

ಪೌಲನಿಗೂ ನ್ಯಾಯ ಸಲ್ಲಬೇಕು. ಫಿಲೆಮೋನನಿಗೆ ಅವನು ಬರೆದ ಪತ್ರ ಒಂದೇ ಅಧ್ಯಾಯದ್ದು. ಒನೇಸಿಮನೆಂಬ ಗುಲಾಮ ಯಜಮಾನ ಫಿಲೆಮೋನನನ್ನು ಬಿಟ್ಟು ಸೆರೆಯಲ್ಲಿದ್ದ ಪೌಲನ ಹತ್ತಿರ ಬಂದಿದ್ದಾನೆ. ಪೌಲ ಅವನನ್ನು ವಾಪಸು ಕಳಿಸುತ್ತಾನೆ. ಇವನನ್ನು ಆಳಾಗಿ ಅಲ್ಲ, ತಮ್ಮನಾಗಿ ಸೇರಿಸಿಕೋ, ಇವನ ಸಾಲವಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ ಅನ್ನುತ್ತಾನೆ.

ಸಾಲದ ಆ ಮಾತು ತೋಟದ ಜನಕ್ಕೆ ಬೇಗ ತಟ್ಟುತ್ತದೆ. ಮೇಸ್ತ್ರಿಯ ಕೈಯಿಂದ ಅಡ್ವಾನ್ಸು ತೆಗೆದುಕೊಂಡು ಘಟ್ಟ ಹತ್ತಿದವರ ಮೊಮ್ಮಕ್ಕಳು ನಾವು. 1859ರಲ್ಲಿ ಬ್ರಿಟಿಷರು ಒಂದು ಕಾಯ್ದೆ ತಂದರು. ಮುಂಗಡ ಪಡೆದ ಕೂಲಿ ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಿ ಜೈಲಿಗೆ ಹಾಕಿಸಬಹುದಿತ್ತು. ದಕ್ಷಿಣದ ತೋಟಗಾರರು ಇದನ್ನು ಬಹಳ ಕಾಲ ಬಳಸಿದರು. 1920ರ ದಶಕದ ನಡುವೆ ಅದು ರದ್ದಾಯಿತು. ಅಂದರೆ ಒನೇಸಿಮರು ಈ ಗುಡ್ಡಗಳಲ್ಲೂ ಓಡಿದ್ದಾರೆ. ಅವರ ಸಾಲವನ್ನು ನನ್ನ ಲೆಕ್ಕಕ್ಕೆ ಬರೆದುಕೋ ಅನ್ನಲು ಎಷ್ಟು ಪೌಲರು ಬಂದರು?

ಪೌಲನ ಮೇಲೆ ನನ್ನ ತಕರಾರೂ ಇದೆ. ಅವನು ಒನೇಸಿಮನನ್ನು ವಾಪಸು ಕಳಿಸಬಾರದಿತ್ತು. ಯಜಮಾನನ ಒಳ್ಳೆಯತನಕ್ಕೆ ಬಿಟ್ಟ ಬಿಡುಗಡೆ ಅರ್ಧ ಬಿಡುಗಡೆ. 1976ರ ಜೀತ ವಿಮುಕ್ತಿ ಕಾಯ್ದೆ ಜೀತದ ಸಾಲವೇ ತೀರಿಹೋಯಿತು ಅಂದಿತು. ಅದು ಯಾರ ದಯೆಯನ್ನೂ ಬೇಡಲಿಲ್ಲ. ದಲಿತ ಓದುಗ ಬೈಬಲ್ಲನ್ನು ತಲೆಯ ಮೇಲೆ ಹೊತ್ತುಕೊಂಡರೆ ಈ ವ್ಯತ್ಯಾಸ ಕಾಣುವುದಿಲ್ಲ. ಮುಂದಿಟ್ಟುಕೊಂಡು ಓದಬೇಕು.

ನೆರೆಯ ಕೊಡಗಿನಲ್ಲಿ ಒಂದು ಬೇರೆ ಬಗೆಯ ಅನ್ವಯ ನಡೆದಿತ್ತು. 'ಮಂಗಳೂರ ಸಮಾಚಾರ' ಪತ್ರಿಕೆಯನ್ನು 1843ರಲ್ಲಿ ಶುರುಮಾಡಿದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಹೋದ. ಒಡೆಯರ ನೆಲಕ್ಕೆ ಅಂಟಿಕೊಂಡು ಬದುಕಿದ್ದ ಹೊಲೆಯರು ಅವನ ಬಳಿ ಬಂದರು. ಆ ದಶಕದ ಕೊನೆಯ ಹೊತ್ತಿಗೆ ಅವರಿಗಾಗಿ ಆನಂದಪುರ ಅನ್ನುವ ಒಕ್ಕಲು ಎದ್ದಿತು. ಅಲ್ಲಿ ಕಾಫಿಯನ್ನೂ ಹಾಕಿದರು. ಮಿಶನರಿಗಳನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅವರಿಗೂ ಅವರ ಯಜಮಾನಿಕೆ ಇತ್ತು. ಆದರೆ ದೀಕ್ಷಾಸ್ನಾನ ಕೊಟ್ಟವನ ಕಾಲಿಗೆ ನಿಲ್ಲಲು ನೆಲ ಬೇಕು ಅನ್ನೋದು ಅವರಿಗೆ ಹೊಳೆದಿತ್ತು. ಆಮೇಲಿನ ನಮ್ಮ ಸಭೆಗಳಿಗೆ ಸ್ನಾನ ನೆನಪಿದೆ, ನೆಲ ಮರೆತಿದೆ.

6

ಇನ್ನು ಪಂಕ್ತಿಯ ಮಾತು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಪೌಲ ಸಿಟ್ಟಾಗುತ್ತಾನೆ. ಸಭೆ ಸೇರಿದಾಗ ಉಳ್ಳವರು ತಮ್ಮ ಊಟ ತಾವು ಮುಂಚೆಯೇ ಮುಗಿಸುತ್ತಿದ್ದರು. ಇಲ್ಲದವರು ಹಸಿದು ಕೂರುತ್ತಿದ್ದರು. ನೀವು ಉಣ್ಣುವುದು ಕರ್ತನ ಭೋಜನವೇ ಅಲ್ಲ ಅಂತ ಪೌಲ ಹೇಳಿಬಿಡುತ್ತಾನೆ. ಪರಿಶುದ್ಧ ಭೋಜನದ ದಿನ ನಮ್ಮಲ್ಲಿ ಇದೇ ಅಧ್ಯಾಯ ಓದುತ್ತಾರೆ. ಓದು ಶುರುವಾಗುವುದು ಈ ಸಿಟ್ಟು ಮುಗಿದ ಮೇಲಿನ ವಚನದಿಂದ. ಅಲ್ಲೂ ಕಸಿ.

ಕಾಫಿ ಸೀಮೆಯ ಇಗರ್ಜಿಯಲ್ಲಿ ತೋಟದ ಒಡೆಯನಾದ ಕ್ರೈಸ್ತನೂ ಲೈನಿನ ಕ್ರೈಸ್ತನೂ ಒಂದೇ ರೊಟ್ಟಿ ತೆಗೆದುಕೊಳ್ಳುತ್ತಾರೆ. ಮದುವೆಯ ಮಾತು ಬಂದಾಗ ಜಾತಿ ಎಲ್ಲಿತ್ತೋ ಅಲ್ಲಿಂದ ಎದ್ದು ಬರುತ್ತದೆ. ಬಾಬಾಸಾಹೇಬ ಅಂಬೇಡ್ಕರರು ಮತಾಂತರ ಹೊಂದಿದವರ ಸ್ಥಿತಿಯ ಮೇಲೆ ಬರೆದ ಲೇಖನದಲ್ಲಿ ಇದನ್ನೇ ಎತ್ತಿದ್ದರು. ಅಸ್ಪೃಶ್ಯನ ಆತ್ಮಕ್ಕೆ ಕೊಟ್ಟ ಗಮನವನ್ನು ಅವನ ಬಿಡುಗಡೆಗೆ ಕೊಡಲಿಲ್ಲವಲ್ಲ ಅನ್ನೋದು ಅವರ ಆಕ್ಷೇಪಣೆಯ ತಿರುಳು. 1981ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಅನ್ನುವ ಧಾರೆ ಹೊರಟಿತು. ಬೆಂಗಳೂರಿನಲ್ಲಿ ಹೊರಟದ್ದು ಗೋಣಿಬೀಡಿನ ಲೈನಿಗೆ ಇನ್ನೂ ಬಂದು ಮುಟ್ಟಿಲ್ಲ.

ಈ ಮೌನಕ್ಕೆ ತೆತ್ತ ಬೆಲೆ ನೋಡಿ. 1950ರ ರಾಷ್ಟ್ರಪತಿಗಳ ಆದೇಶ ಹಿಂದೂಗಳಲ್ಲದವರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಒಳಗೆ ತೆಗೆದುಕೊಂಡರು. ಕ್ರೈಸ್ತ ದಲಿತ ಹೊರಗೇ ಉಳಿದ. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಸರಕಾರ ಹಂಚುತ್ತಿದ್ದ ಸಣ್ಣ ಅಂಗಡಿ ಗೂಡಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದ. ಕ್ರೈಸ್ತನಾದ ಮೇಲೂ ಜಾತಿಯ ನೋವು ಅಷ್ಟೇ ತೀವ್ರವಾಗಿದೆ ಅನ್ನೋದಕ್ಕೆ ಸಾಕಷ್ಟು ಆಧಾರವಿಲ್ಲವೆಂದು 1985ರಲ್ಲಿ ಕೋರ್ಟು ಅವನ ಅರ್ಜಿ ವಜಾ ಮಾಡಿತು. ಆಧಾರ ಎಲ್ಲಿಂದ ಬರಬೇಕು? ನಮ್ಮಲ್ಲಿ ಜಾತಿ ಇಲ್ಲ ಅಂತ ವೇದಿಕೆಯಿಂದ ಹೇಳುತ್ತಾ ಬಂದವರು ಯಾರು? ಆಮೇಲೆ ಕ್ರೈಸ್ತ ಸಂಘಟನೆಗಳು ಈ ಹಕ್ಕಿಗಾಗಿ ಬೀದಿಗಿಳಿದದ್ದೂ ನಿಜ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಅಡ್ಡಗೋಡೆ ತೆಗೆಯಿರಿ ಎಂದಿತು. 2022ರಲ್ಲಿ ಕೇಂದ್ರ ಸರಕಾರ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಿಸಿತು. ನಮ್ಮ ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. 1950ರ ಆದೇಶದ ಆ ಕಟ್ಟು ಇರುವ ತನಕ ಲೈನಿನ ಕ್ರೈಸ್ತ ದಲಿತ ಇಲ್ಲಿ ಓಟು ಹಾಕಬಲ್ಲ, ಓಟಿಗೆ ನಿಲ್ಲಲಾರ.

7

ಇಷ್ಟು ಹೇಳಿ ನಮ್ಮ ಬಂಡಾಯದವರನ್ನು ಬಿಟ್ಟುಬಿಟ್ಟರೆ ಅನ್ಯಾಯವಾಗುತ್ತದೆ. ನಮ್ಮ ಸಭೆಗಳಲ್ಲಿ ಬೈಬಲ್ಲು ಅಂದರೆ ಬಿಳಿಯರದು, ಧರ್ಮ ಅಂದರೆ ಅಫೀಮು ಎಂದು ಎರಡು ಮಾತಿನಲ್ಲಿ ಮುಗಿಸುತ್ತಾ ಬಂದಿದ್ದೇವೆ. ಹಾಗೆ ಮುಗಿಸಿದಾಗ ಲೈನಿನ ಹೆಂಗಸಿನ ಕೈಯಲ್ಲಿದ್ದ ಒಂದೇ ಪುಸ್ತಕವನ್ನು ರೈಟರನ ಕಡೆಯವರಿಗೇ ಬಿಟ್ಟುಕೊಟ್ಟ ಹಾಗಾಯಿತು. ಕಾಯಕ ಅನ್ನೋ ಮಾತಿಗೆ ಏನಾಯಿತು ನೆನೆಯಿರಿ. ದಾಸೋಹವನ್ನು ಕಡಿದುಹಾಕಿ ಬಾಯಿಮುಚ್ಚಿ ದುಡಿ ಅನ್ನುವ ಅರ್ಥಕ್ಕೆ ಅದನ್ನು ಇಳಿಸಿದರು. ಶರಣರ ಮಾತನ್ನು ಮತ್ತೆ ಬಿಡಿಸಿಕೊಳ್ಳಬೇಕು ಅನ್ನುವವರು ನಾವು. ಯಾಕೋಬನ ಮಾತನ್ನೂ ಬಿಡಿಸಿಕೊಳ್ಳಬೇಡವೇ?

ಊರಿನ ಮೇಷ್ಟರುಗಳಲ್ಲಿ, ಹಾಸ್ಟೆಲಿನ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೇಳಿಕೆ. ನೀವು ಕ್ರೈಸ್ತರಾಗಿರಿ, ಆಗದಿರಿ, ವಾರಕ್ಕೊಂದು ಸಂಜೆ ಲೈನಿನ ಹೊರಗಟ್ಟೆಯಲ್ಲಿ ಕೂತು ಓದಿ ಹೇಳಿ. ಭಾನುವಾರ ಬೇಡ, ಬಟವಾಡೆಯ ಸಂಜೆಯೇ ಆಗಲಿ. ಗೋಡೆಯ ವಾಕ್ಯ ಸಿಕ್ಕಿದರೆ ಬೈಬಲ್ಲು ತೆಗೆದು ಅದರ ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಓದಿ. ಓದಿದ ಮೇಲೆ ಮೂರು ಮಾತು ಕೇಳಿ. ಇದು ಮೊದಲು ಯಾರಿಗೆ ಹೇಳಿದ್ದು? ನಮಗೆ ಓದುವಾಗ ಇದರಲ್ಲಿ ಯಾವುದನ್ನು ಬಿಟ್ಟರು? ಇದರ ಪ್ರಕಾರ ನಡೆದರೆ ನಾಳೆ ಬೆಳಗ್ಗೆ ಯಾರ ಲೆಕ್ಕದಲ್ಲಿ ಏನು ಬದಲಾಗಬೇಕು? ಅಸ್ಸಾಮಿನಿಂದ ಬಂದವರನ್ನೂ ಕರೆಯಿರಿ. ಭಾಷೆ ಬಾರದಿದ್ದರೆ ಕೂಲಿಯ ಲೆಕ್ಕದಿಂದಲೇ ಮಾತು ಶುರುವಾಗಲಿ. ಬೈಬಲ್ಲಿನ ಪಕ್ಕದಲ್ಲಿ ಹಾಜರಿಯ ಚೀಟಿಯೂ ಇರಲಿ.

ಶಿಷ್ಯತ್ವ ಅಂತ ಸಭೆಯವರು ದೊಡ್ಡ ಮಾತು ಬಳಸುತ್ತಾರೆ. ಹಿಂಬಾಲಿಸುವುದು ಅಂತ ಅದರ ಅರ್ಥ. ಕೂಲಿ ಕೊಡುವ ಹೊತ್ತಿನಲ್ಲಿ, ಮನೆ ಖಾಲಿ ಮಾಡಿಸುವ ಹೊತ್ತಿನಲ್ಲಿ, ಹೆಣ್ಣು ಕೊಡುವ ಹೊತ್ತಿನಲ್ಲಿ ಹಿಂಬಾಲಿಸದವನು ಪ್ರಾರ್ಥನೆಯ ಹೊತ್ತಿನಲ್ಲಿ ಯಾರನ್ನು ಹಿಂಬಾಲಿಸುತ್ತಿದ್ದಾನೆ?

ಅವ್ವ ಈಗ ಇಲ್ಲ. ಯಾಕೋಬನ 5ನೇ ಅಧ್ಯಾಯವನ್ನು ಅವಳಿಗೆ ಓದಿ ಹೇಳುವಷ್ಟರಲ್ಲಿ ಅವಳ ಕಿವಿ ಮಂದವಾಗಿತ್ತು. ಎರಡು ಸಲ ಜೋರಾಗಿ ಓದಿದೆ. 'ಇದನ್ನ ಅವತ್ತೇ ಯಾಕೆ ಓದಲಿಲ್ಲ?' ಅಂತ ಕೇಳಿದಳು. ಕ್ಯಾಲೆಂಡರಿನಲ್ಲಿ ಇರಲಿಲ್ಲ ಅವ್ವ ಅಂದೆ.